ಬಂದರಿನ ಸೊನ್ನೆ

ಜನವರಿ 18, ಶನಿವಾರ

ಮದುವೆಯಾಗಿ ಇಂದಿಗೆ ಹದಿನಾರು ದಿನ! ಹದಿನಾರು ದಿನವೂ ಬೆಳಿಗ್ಗೆ ಎದ್ದ ಕೂಡಲೇ ಪಕ್ಕಕ್ಕೆ ತಿರುಗಿ, ಇವನು ನಿಜವಾಗಿ ಇದ್ದಾನೆಯೇ ಎಂದು ಮೂಗು ಹಿಂಡಿ ನೋಡಿದ್ದೇನೆ. ಇದ್ದಾನೆ! "ಮೂಗು ಬಿಡೇ, ಉಸಿರಾಡ್ಬೇಕು" ಎನ್ನುತ್ತಾನೆ. ಇದಕ್ಕಿಂತ ಸುಖ ಇನ್ನೇನಿದೆ?

ಶಾಲೆಯಲ್ಲಿ ಹನ್ನೆರಡು ವರ್ಷ ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ಬರೆದವಳು ನಾನು. ಅಲ್ಲಿ ಖುಷಿಯೆಂದರೆ ವೆರಿ ಹ್ಯಾಪಿ, ದುಃಖವೆಂದರೆ ವೆರಿ ಸ್ಯಾಡ್, ಮಧ್ಯೆ ಏನೂ ಇಲ್ಲ. ಈ ಖುಷಿಗೆ ಅದು ಸಾಲದು. ಅದಕ್ಕೇ ಈ ಹೊಸ ಡೈರಿ ಕನ್ನಡದಲ್ಲಿ.

ಇವನಿಗೆ ನಾನಿಟ್ಟ ಹೆಸರು ಪೆದ್ದು. ಹಲ್ಲಿನ ಸೆಟ್ ಮಾಡುವ ಲ್ಯಾಬ್‌ನಲ್ಲಿ ಕೆಲಸ. ಮೊದಲ ಸಲ ಸಿಕ್ಕಾಗ ಎಲ್ಲ ಬಿಟ್ಟು ನನ್ನ ಎಡಗಡೆಯ ಕೋರೆಹಲ್ಲನ್ನೇ ನೋಡುತ್ತಿದ್ದ. "ಎಷ್ಟು ಚೆಂದ ಕೂತಿದೆ!" ಎಂದ. ನಾನು ಅಲ್ಲೇ ಬಿದ್ದುಹೋದೆ.

ಮನೆ ಮೂರನೇ ಮಹಡಿ. ಅಡುಗೆಮನೆ ಕಿಟಕಿಯಿಂದ ಹಳೆಯ ಬಂದರು ಪೂರ್ತಿ ಕಾಣುತ್ತದೆ. ತುಕ್ಕು ಹಿಡಿದ ಮೂರು ಕ್ರೇನು, ಸೂರಿಲ್ಲದ ಗೋದಾಮು, ಅವುಗಳ ಮಧ್ಯೆ ನಮ್ಮ ಸೈಟು! ಇಪ್ಪತ್ತು ವರ್ಷದಿಂದ ಹಡಗು ಬಾರದ ಆ ಜಾಗವನ್ನು ಜನ ನಡೆದಾಡುವ, ಕೂರುವ, ನೀರಿಗೆ ಇಳಿದು ಕಾಲು ಇಳಿಬಿಡುವ ದಡ ಮಾಡುವುದೇ ನಮ್ಮ ಆಫೀಸಿನ ಕೆಲಸ. ನಾನು ಅಲ್ಲಿ ಕಿರಿಯ ವಿನ್ಯಾಸಕಿ. ಸೈಟಿನಿಂದ ಬರುವ ಪ್ರಶ್ನೆಗಳನ್ನು ಸಾಹೇಬರಿಗೆ ತಲುಪಿಸಿ, ಉತ್ತರವನ್ನು ಸೈಟಿಗೆ ತಲುಪಿಸುವುದೂ ನನ್ನದೇ ಕೆಲಸ. ಸಾಹೇಬರು ಎಂದರೆ ಮುಖ್ಯ ವಿನ್ಯಾಸಕರು. ಕೆಸರಿನ ಸೈಟಿಗೂ ಹಾಲಿನಂಥ ಬಿಳಿ ಶೂ ಹಾಕಿಕೊಂಡು ಬರುತ್ತಾರೆ, ಒಂದು ಚುಕ್ಕಿ ಕೊಳೆಯಾಗುವುದಿಲ್ಲ. ಹೇಗೋ ಏನೋ! ನನಗೆ ಅವರೆಂದರೆ ಭಾರೀ ಅಭಿಮಾನ.

ಇನ್ನು ಮಾವ. ಅದೇ ಬಂದರಿನಲ್ಲಿ ಮೂವತ್ತೊಂದು ವರ್ಷ ನೀರಿನ ಮಟ್ಟ ನೋಡಿ ಬರೆದಿಟ್ಟವರು. ಹಡಗು ಒಳಗೆ ಬರಬಹುದೋ ಬೇಡವೋ ಎಂಬುದು ಇವರು ಬರೆದ ಅಂಕಿಯ ಮೇಲೆ. ಈಗಲೂ ಕಿಟಕಿಯ ಬಳಿ ನಿಂತು, "ಇಳೀತಿದೆ" ಅನ್ನುತ್ತಾರೆ. ಅತ್ತೆ ಒಳಗಿನಿಂದ, "ಏನು, ಹಾಲೋ ನೀರೋ?" ಅನ್ನುತ್ತಾರೆ. ದಿನಾ ಇದೇ ಜೋಕು, ದಿನಾ ಇಬ್ಬರೂ ನಗುತ್ತಾರೆ. ನನಗೆ ಈ ಮನೆ ಎಷ್ಟು ಇಷ್ಟ!

ಜನವರಿ 25, ಶನಿವಾರ

ಮನೆಗೆ ಬಂದವಳೇ ಡೈರಿ ತೆಗೆದೆ. ಅಕ್ಷರ ಸರಿಯಾಗಿ ಬರುತ್ತಿಲ್ಲ.

ಇಂದು ಸಾರ್ವಜನಿಕರ ಸಭೆಯಿತ್ತು. ದಡದ ಯೋಜನೆಯನ್ನು ಊರಿಗೆ ತೋರಿಸಿ, ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಕೇಳುವ ಸಭೆ. ಮಾವನನ್ನು ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಚೀಟಿಯಲ್ಲಿ ಏನೋ ಬರೆದುಕೊಂಡು ಬಂದಿದ್ದರು.

ಸಾಹೇಬರು ನೀರಿಗೆ ಇಳಿಯುವ ಮೆಟ್ಟಿಲುಗಳ ಚಿತ್ರ ತೋರಿಸುತ್ತಿದ್ದರು. ಮೆಟ್ಟಿಲುಗಳ ಕೊನೆಯಲ್ಲಿ ನೀರಿಗೆ ತಾಗಿದಂತೆ ಒಂದು ಅಗಲವಾದ ಕಲ್ಲಿನ ಕಟ್ಟೆ. ಯೋಜನೆಯ ಮುಕುಟವೇ ಅದು. ಮಾವ ಎದ್ದು ನಿಂತು ಮೈಕ್ ತೆಗೆದುಕೊಂಡರು. "ಆ ಕಟ್ಟೆ ಬಗ್ಗೆ ಒಂದು ಮಾತು. ನೀವು ಯಾವ ಸೊನ್ನೆಯಿಂದ ಎಣಿಸ್ತಿದ್ದೀರಿ?" ಎಂದರು.

ಸಾಹೇಬರು ಒಂದು ಕ್ಷಣ ನೋಡಿದರು. ಆಮೇಲೆ ಮುಗುಳ್ನಕ್ಕು, ಮೈಕಿನಲ್ಲಿ, "ಅಜ್ಜಾ, ಸೊನ್ನೆ ಎಲ್ಲಾ ಕಡೆ ಸೊನ್ನೇನೇ. ನಿಮ್ಮ ಕಾಲದ ಲೆಕ್ಕ ಮುಗೀತು. ಕೂತ್ಕೊಳ್ಳಿ, ಟೀ ಬರುತ್ತೆ" ಎಂದರು.

ಸಭೆಯೆಲ್ಲ ನಕ್ಕಿತು. ಯಾರೋ ಬಂದು ಮಾವನ ಕೈಯಿಂದ ಮೈಕ್ ತೆಗೆದುಕೊಂಡರು. ಮಾವ ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡು ಕೂತರು. ಟೀ ಬಂತು. ಮುಟ್ಟಲಿಲ್ಲ.

ಬಸ್ಸಿನಲ್ಲಿ ವಾಪಸ್ ಬಂದೆವು. ಮನೆ ಮೆಟ್ಟಿಲು ಹತ್ತುವಾಗ, "ನಿನ್ನ ಆಫೀಸಿನ ಹಾಲ್ ಚೆನ್ನಾಗಿದೆಯಮ್ಮ" ಎಂದರು, ಅಷ್ಟೇ.

ಜನವರಿ 26, ಭಾನುವಾರ

ಬಿಡುವುದಿಲ್ಲ. ಬಿಳಿ ಶೂವನ್ನು ನಾನು ಸುಮ್ಮನೆ ಬಿಡುವುದಿಲ್ಲ!

ಬೆಳಿಗ್ಗೆಯಿಂದ ಹಾಸಿಗೆಯಲ್ಲೇ ಬಿದ್ದುಕೊಂಡು ಯೋಚಿಸಿದೆ. ಅವರ ಶೂಗೆ ಶಾಯಿ ಸುರಿಯುವುದು. ಅವರು ಭಾಷಣ ಮಾಡುವಾಗ ಚಿತ್ರಗಳನ್ನೆಲ್ಲ ತಲೆಕೆಳಗೆ ಹಾಕುವುದು. ಕುರ್ಚಿಯ ಒಂದು ಕಾಲಿನ ಸ್ಕ್ರೂ ಸಡಿಲ ಮಾಡುವುದು. ಪೆದ್ದುಗೆ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಪ್ಪ ಆಗಲೇ ಮರೆತಿದ್ದಾರೆ ಕಣೆ. ನೀನ್ಯಾಕೆ ಹೊತ್ಕೊಂಡು ತಿರುಗ್ತೀಯ?"

"ನಿನಗೆ ರೋಷ ಇಲ್ಲ."

"ಇದೆ. ಆದ್ರೆ ಭಾನುವಾರ ರಜೆ ಕೊಟ್ಟಿದ್ದೀನಿ."

ಎಷ್ಟು ಮುದ್ದಾಗಿ ಹೇಳಿದನೆಂದರೆ ನಾನೂ ನಕ್ಕುಬಿಟ್ಟೆ. ಆದರೆ ರಜೆ ನನ್ನ ರೋಷಕ್ಕಿಲ್ಲ.

ಫೆಬ್ರವರಿ 1, ಶನಿವಾರ

ಸಿಕ್ಕಿತು! ಸಿಕ್ಕಿತು!

ಮಧ್ಯಾಹ್ನ ಮಾವನ ಜೊತೆ ಸೈಟಿನ ಬೇಲಿಯ ಪಕ್ಕ ನಡೆದಾಡಲು ಹೋಗಿದ್ದೆ. ಸಭೆಯಲ್ಲಿ ಏನು ಹೇಳಲು ಹೊರಟಿದ್ದಿರಿ ಎಂದು ಕೇಳಿದೆ. ಮೊದಲು ಬೇಡವೆಂದರು. ನಾನು ಬಿಡಲಿಲ್ಲ.

ವಿಷಯ ಇಷ್ಟೇ. ಬಂದರಿನವರಿಗೂ ಊರಿನವರಿಗೂ ಸೊನ್ನೆ ಬೇರೆ ಬೇರೆ. ಹಡಗಿನ ತಳ ನೆಲಕ್ಕೆ ತಾಗಬಾರದಲ್ಲ, ಅದಕ್ಕೆ ಬಂದರಿನವರು ನೀರು ತೀರಾ ಕೆಳಗೆ ಇಳಿದಾಗಿನ ಗುರುತನ್ನು ಸೊನ್ನೆ ಎಂದು ಇಟ್ಟುಕೊಂಡರು. ಮನೆ, ರಸ್ತೆ ಕಟ್ಟುವ ಊರಿನವರು ಸಮುದ್ರದ ಸರಾಸರಿ ಮಟ್ಟವನ್ನು ಸೊನ್ನೆ ಎಂದರು. ಬಂದರಿನ ಸೊನ್ನೆ ಊರಿನ ಸೊನ್ನೆಗಿಂತ ಐವತ್ತೈದು ಸೆಂಟಿಮೀಟರ್ ಕೆಳಗಿದೆ.

"ನಿಮ್ಮ ನಕ್ಷೆ ಊರಿನ ಸೊನ್ನೆಯದ್ದು, ಅಲ್ವಾ?" ಎಂದರು ಮಾವ.

ಹೌದು. ಕಟ್ಟೆಯ ಎತ್ತರ ತೊಂಬತ್ತೈದು ಸೆಂಟಿಮೀಟರ್ ಎಂದು ನಾನೇ ನಕ್ಷೆಯಲ್ಲಿ ಬರೆದಿದ್ದೇನೆ.

ಮಾವ ಬೇಲಿಯ ಸಂದಿಯಿಂದ ಬೆರಳು ತೋರಿಸಿದರು. ಹಡಗು ತಂದು ಕಟ್ಟುತ್ತಿದ್ದ ಹಳೆಯ ಧಕ್ಕೆಯ ಗೋಡೆಯಲ್ಲಿ ಒಂದು ಹಿತ್ತಾಳೆಯ ಮೊಳೆ, ಪಕ್ಕದಲ್ಲಿ ಕೊರೆದ ಅಂಕಿ. "ಸೈಟಲ್ಲಿ ಇರೋದು ಅದೊಂದೇ ಗುರುತು. ಅದು ಬಂದರಿನ ಸೊನ್ನೆಯದ್ದು. ಅದರಿಂದ ಅಳೆದು ಕಟ್ಟಿದ್ರೆ ಕಟ್ಟೆ ಮೊಣಕಾಲುದ್ದ ಕೆಳಗೆ ಹೋಗುತ್ತೆ. ದಿನಾ ಏನೂ ಗೊತ್ತಾಗಲ್ಲ. ವರ್ಷದಲ್ಲಿ ನಾಲ್ಕೈದು ಸಲ ದೊಡ್ಡ ಉಬ್ಬರ ಬರುತ್ತಲ್ಲ, ಅವತ್ತು ಮುಳುಗುತ್ತೆ."

"ಈಗ ನೀರು ಕಾಣ್ತಿಲ್ಲವಲ್ಲ ಮಾವ?"

"ಹೇಗೆ ಕಾಣುತ್ತೆ? ಸುತ್ತ ಕಬ್ಬಿಣದ ತಗಡು ಬಡಿದು ನೀರನ್ನ ಆಚೆ ನಿಲ್ಲಿಸಿದ್ದಾರೆ. ಆ ತಗಡು ಕಿತ್ತ ಮೇಲೇ ಎಲ್ಲ ಗೊತ್ತಾಗೋದು. ನೀನು ಸೋಮವಾರ ಹೋಗಿ ಹೇಳಿಬಿಡಮ್ಮ."

ಹೇಳುತ್ತೇನೆ ಎಂದೆ. ದಾರಿಯುದ್ದಕ್ಕೂ ಕುಣಿಯಬೇಕು ಅನಿಸುತ್ತಿತ್ತು.

ಹೇಳುತ್ತೇನೆಯೇ? ಹೇಳುತ್ತೇನಾ ನಾನು!

ಫೆಬ್ರವರಿ 2, ಭಾನುವಾರ

ಒಂದು ವಿಷಯ ಬರೆದಿರಲಿಲ್ಲ. ಅಂದು ಸಭೆಯಲ್ಲಿ ನಾನೂ ನಕ್ಕಿದ್ದೆ. ಸಾಹೇಬರು ಏನಾದರೂ ತಮಾಷೆ ಮಾಡಿದರೆ ಆಫೀಸಿನವರೆಲ್ಲ ನಗುವುದು ಅಭ್ಯಾಸ. ಬಾಯಿ ತಾನಾಗಿಯೇ ತೆರೆದುಕೊಂಡಿತು. ಎರಡು ಸೆಕೆಂಡ್ ಇರಬಹುದು, ಅಷ್ಟೇ. ಮಾವ ನೋಡಿರಲಾರರು. ಕನ್ನಡಕ ಕೈಯಲ್ಲಿತ್ತು.

ಅದಕ್ಕೂ ಬಿಳಿ ಶೂನೇ ಕಾರಣ.

ಫೆಬ್ರವರಿ 6, ಗುರುವಾರ

ದೇವರಿಗೂ ನನ್ನ ಮೇಲೆ ಪ್ರೀತಿ ಇದೆ.

ಬೆಳಿಗ್ಗೆ ಸೈಟಿನಿಂದ ಕ್ವೆರಿ ಹಾಳೆ ಬಂತು. ಸೈಟಿನವರಿಗೆ ಅನುಮಾನ ಬಂದರೆ ಈ ಹಾಳೆಯಲ್ಲಿ ಬರೆದು ಕಳಿಸುತ್ತಾರೆ. ಮೂರು ಪ್ರತಿ, ಮೂರೂ ಇಲ್ಲಿಗೇ ಬರುತ್ತವೆ; ಮೇಲೆ ಪ್ರಶ್ನೆ, ಕೆಳಗೆ ಉತ್ತರಕ್ಕೆ ಜಾಗ. ಮೇಸ್ತ್ರಿ ತಮ್ಮ ಗುಂಡುಗುಂಡಾದ ಅಕ್ಷರದಲ್ಲಿ ಬರೆದಿದ್ದರು: "ಧಕ್ಕೆ ಗೋಡೆಯ ಹಿತ್ತಾಳೆ ಮೊಳೆಯಿಂದ ಕಟ್ಟೆಯ ಮಟ್ಟ ಹಿಡಿಯುತ್ತಿದ್ದೇವೆ. ನಕ್ಷೆಯ ಸೊನ್ನೆ ಮತ್ತು ಈ ಮೊಳೆಯ ಸೊನ್ನೆ ಒಂದೇನಾ? ತಿಳಿಸಿದ ಮೇಲೆ ಕಾಂಕ್ರೀಟ್ ಹಾಕುತ್ತೇವೆ."

ಮಾವನ ಪ್ರಶ್ನೆಯೇ! ಇಷ್ಟು ದೊಡ್ಡ ಆಫೀಸಿನಲ್ಲಿ ಯಾರಿಗೂ ಹೊಳೆಯದ್ದು ಒಬ್ಬ ಮೇಸ್ತ್ರಿಗೆ ಹೊಳೆದಿದೆ.

ಹಾಳೆ ಹಿಡಿದುಕೊಂಡು ಸಾಹೇಬರ ಕೋಣೆಯ ಬಾಗಿಲವರೆಗೆ ಹೋದೆ. ಒಳಗೆ ಯಾರಿಗೋ ಫೋನಿನಲ್ಲಿ, "ಸಭೆನಾ? ಸಭೆ ಸೂಪರ್ ಆಯ್ತು. ಜನರ ಮಾತು ಕೇಳೋದು ಮುಖ್ಯ ಅಲ್ವಾ" ಎನ್ನುತ್ತಿದ್ದರು.

ವಾಪಸ್ ಬಂದು ಹಾಳೆಯನ್ನು ನನ್ನ ಡ್ರಾಯರಿನಲ್ಲಿ, ಮದುವೆ ಫೋಟೋಗಳ ಕವರಿನ ಕೆಳಗೆ ಇಟ್ಟೆ. ಒಂದೇ ಒಂದು ದಿನ ಇರಲಿ. ನಾಳೆ ಕೊಟ್ಟರಾಯಿತು.

ಫೆಬ್ರವರಿ 7, ಶುಕ್ರವಾರ

ಕೊಡಲಿಲ್ಲ.

ಫೆಬ್ರವರಿ 10, ಸೋಮವಾರ

ಮೇಸ್ತ್ರಿ ಫೋನ್ ಮಾಡಿದ್ದರು. "ಅಮ್ಮಾ, ನನ್ನ ಹಾಳೆಗೆ ಉತ್ತರ ಬರ್ಲಿಲ್ಲ. ಕಾಂಕ್ರೀಟ್ ಲಾರಿ ಬಂದು ನಿಂತಿದೆ. ಏನ್ ಮಾಡ್ಲಿ?"

ಡ್ರಾಯರಿನ ಕಡೆ ನೋಡಿದೆ. ಆದರೆ ನನ್ನ ಧ್ವನಿ ಎಷ್ಟು ತಣ್ಣಗೆ ಬಂತು ಎಂದರೆ ನನಗೇ ಆಶ್ಚರ್ಯ. "ನಕ್ಷೆಯಲ್ಲಿ ಇರೋ ಹಾಗೆ ಮಾಡಿ ಮೇಸ್ತ್ರಿ" ಎಂದೆ.

"ಅಂದ್ರೆ ಎರಡೂ ಸೊನ್ನೆ ಒಂದೇ ಅಂತ ಹೇಳಿದ್ರಾ ಸಾಹೇಬ್ರು?"

"ನಕ್ಷೆಯಲ್ಲಿ ಇರೋ ಹಾಗೆ."

"ಆಯ್ತಮ್ಮ. ನೀವು ಹೇಳಿದ ಮೇಲೆ ಮುಗೀತು."

ನಾನು ಸುಳ್ಳು ಹೇಳಿಲ್ಲ. ನಕ್ಷೆಯಲ್ಲಿ ತೊಂಬತ್ತೈದು ಎಂದೇ ಇದೆ. ಎಲ್ಲಿಂದ ತೊಂಬತ್ತೈದು ಎಂದು ನಕ್ಷೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದೆ. ಓದಬೇಕಾದದ್ದು ಅವರ ಕೆಲಸ, ಸೈಟಿಗೆ ಹೋಗಿ ನೋಡಬೇಕಾದದ್ದು ಬಿಳಿ ಶೂ ಕೆಲಸ.

ಮನೆಯಲ್ಲಿ ಮಾವ, "ಹೇಳಿದೆಯಾ?" ಎಂದು ಕೇಳಿದರು. "ಹೇಳಿದೆ ಮಾವ" ಎಂದೆ. ಅವರ ಮುಖ ಬೆಳಗಿತು. ಇದು ಮಾತ್ರ ಸುಳ್ಳು. ಆದರೆ ಅವರಿಗಾಗಿಯೇ ಅಲ್ಲವೇ?

ಫೆಬ್ರವರಿ 20, ಗುರುವಾರ

ಪೆದ್ದು ಬೆಳಿಗ್ಗೆ, "ನಿದ್ದೆಯಲ್ಲಿ ಹಲ್ಲು ಕಡೀತಿದ್ದೀಯ. ಗಾಣ ತಿರುಗಿದ ಹಾಗೆ ಸದ್ದು" ಎಂದ. ಇಲ್ಲವೇ ಇಲ್ಲ ಎಂದೆ. ಸಂಜೆ ಲ್ಯಾಬಿಗೆ ಕರೆದುಕೊಂಡು ಹೋಗಿ ಬಾಯಿ ತುಂಬ ಗುಲಾಬಿ ಬಣ್ಣದ ಹಿಟ್ಟು ತುರುಕಿ ಅಚ್ಚು ತೆಗೆದ. ಪ್ಲಾಸ್ಟರಿನಲ್ಲಿ ಎರಕ ಹೊಯ್ದು ನನ್ನದೇ ಹಲ್ಲುಗಳನ್ನು ಕೈಗಿಟ್ಟ.

"ನೋಡು, ಆ ಕೋರೆಹಲ್ಲು. ತುದಿ ಸವೆದಿದೆ."

"ಮೊದಲಿಂದಲೂ ಹಾಗೇ ಇತ್ತು."

"ಇರ್ಲಿಲ್ಲ. ಈ ಊರಲ್ಲಿ ಆ ಹಲ್ಲನ್ನ ನನ್ನಷ್ಟು ನೋಡಿದವರು ಯಾರೂ ಇಲ್ಲ."

ರಾತ್ರಿ ಹಾಕಿಕೊಳ್ಳಲು ಒಂದು ಮೆತ್ತನೆಯ ಕವಚ ಮಾಡಿಕೊಡುತ್ತಾನಂತೆ. ಇಲ್ಲದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುತ್ತಾನೆ. ನನಗೆ ಇವತ್ತು ಮಾತಾಡುವ ಮನಸ್ಸಿರಲಿಲ್ಲ.

ಮಾರ್ಚ್ 3, ಸೋಮವಾರ

ಉದ್ಘಾಟನೆ ಮಾರ್ಚ್ 30, ಭಾನುವಾರ ಸಂಜೆ ಐದಕ್ಕೆ. ಬಿಳಿ ಶೂ ತಾವೇ ದಿನ ಆರಿಸಿದರು. ಬಿಸಿಲು ಇಳಿದಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ ಎಂದು.

ಊಟದ ಬಿಡುವಿನಲ್ಲಿ ಉಬ್ಬರದ ಪಟ್ಟಿ ತೆಗೆದು ನೋಡಿದೆ. ಮಾರ್ಚ್ 29 ಅಮಾವಾಸ್ಯೆ. 30ರ ಸಂಜೆ ಐದು ಮುಕ್ಕಾಲಿಗೆ ಈ ವರ್ಷದ ಅತಿ ದೊಡ್ಡ ಉಬ್ಬರ. ಪಟ್ಟಿಯ ಅಂಕಿ ಬಂದರಿನ ಸೊನ್ನೆಯದ್ದು, ಊರಿನದಕ್ಕೆ ತರಲು ಐವತ್ತೈದು ಕಳೆದೆ. ಉಳಿದದ್ದು ಎಂಬತ್ತು. ಮೊಳೆಯಿಂದ ಅಳೆದ ಕಟ್ಟೆ ನಲವತ್ತರಲ್ಲಿದೆ.

ನಲವತ್ತು ಸೆಂಟಿಮೀಟರ್ ನೀರು. ಬಿಳಿ ಶೂ, ಬಿಳಿ ಸಾಕ್ಸು, ಮೊಣಕಾಲವರೆಗೆ ಪ್ಯಾಂಟು, ಎಲ್ಲ ಒದ್ದೆ. ಊರೆಲ್ಲ ನೋಡುತ್ತಿರುವಾಗ.

ಮೂರು ಸಲ ಲೆಕ್ಕ ಮಾಡಿದೆ. ಮೂರು ಸಲವೂ ನಲವತ್ತು.

ಮಾರ್ಚ್ 19, ಬುಧವಾರ

ತಗಡುಗಳನ್ನು ಕಿತ್ತರು. ನೀರು ಬಂದು ಕಟ್ಟೆಯ ಕೆಳಗೆ ಸಾಧುವಾಗಿ ನಿಂತಿತು. ಆಫೀಸಿನವರೆಲ್ಲ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮನೆಗೆ ಬಂದರೆ ಮಾವ ಕಿಟಕಿಯ ಬಳಿ ದುರ್ಬೀನು ಹಿಡಿದು ನಿಂತಿದ್ದರು. "ತಪ್ಪಾಗಿದೆ. ಮೊಳೆಯಿಂದಲೇ ಅಳೆದಿದ್ದಾರೆ. ನೀನು ಹೇಳಿದ್ದೆ ಅಲ್ವಾ?"

"ಹೇಳಿದ್ದೆ."

"ಹಾಗಾದ್ರೆ ಯಾರೋ ಮರೆತಿದ್ದಾರೆ. ನಾನೇ ಹೋಗ್ತೀನಿ. ಇನ್ನೂ ಹನ್ನೊಂದು ದಿನ ಇದೆ, ಮೇಲೆ ಇನ್ನೊಂದು ಪದರ ಕಲ್ಲು ಕೂರಿಸಬಹುದು." ಅಂಗಿ ಹಾಕಿಕೊಳ್ಳಲು ಹೊರಟೇಬಿಟ್ಟರು.

ನನಗೆ ಗಾಬರಿಯಾಯಿತು. ಇಷ್ಟು ದಿನ ಕಾದದ್ದೆಲ್ಲ ಇವರೇ ಹೋಗಿ ಕೆಡಿಸುವುದೇ? ಬಾಗಿಲಿಗೆ ಅಡ್ಡ ನಿಂತೆ.

"ಯಾರ ಹತ್ರ ಹೋಗ್ತೀರಿ? ಒಳಗೂ ಬಿಡಲ್ಲ."

"ಮೇಸ್ತ್ರಿ ಹತ್ರ ಹೋಗ್ತೀನಿ."

"ಮಾವಾ, ಈಗೆಲ್ಲ ಕಂಪ್ಯೂಟರಲ್ಲಿ ನಡೆಯೋದು. ನಿಮ್ಮ ಕಾಲದ ಲೆಕ್ಕ ಮುಗೀತು. ಸುಮ್ನೆ ಕೂತ್ಕೊಳ್ಳಿ, ಟೀ ತರ್ತೀನಿ."

ಮಾವ ಕೂತರು. ನಾನು ಟೀ ತಂದಿಟ್ಟೆ. ತಣ್ಣಗಾಗುವವರೆಗೂ ಅದನ್ನೇ ನೋಡುತ್ತ ಕೂತಿದ್ದು, ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತೆ ನನ್ನನ್ನೇ ನೋಡಿದರು, ಲೋಟ ಎತ್ತಿಕೊಂಡು ಒಳಗೆ ಹೋದರು. ವಯಸ್ಸಾದ ಮೇಲೆ ಸಣ್ಣದಕ್ಕೂ ಮುನಿಸು. ಒಳ್ಳೆಯದಾಯಿತು, ಹೋಗುವುದಂತೂ ತಪ್ಪಿತು.

ಮಾರ್ಚ್ 24, ಸೋಮವಾರ

ಅಪ್ಪನಿಗೆ ನಾನು ಅಂದದ್ದು ಗೊತ್ತಾಗಿ ಇಂದಿನಿಂದ ಪೆದ್ದು ಮಾತು ಬಿಟ್ಟಿದ್ದಾನೆ. ಪರವಾಗಿಲ್ಲ. ಇನ್ನು ಆರೇ ದಿನ.

ಮಾರ್ಚ್ 27, ಗುರುವಾರ

ಬಿಳಿ ಶೂಗೆ ಹೊಸ ಐಡಿಯಾ ಬಂದಿದೆ. ಹಳೆಯ ಬಂದರಿನ ನಿವೃತ್ತ ಕೆಲಸಗಾರರನ್ನು ಕರೆದು, ನೀರಿಗೆ ಹತ್ತಿರವಾಗಿ ಅದೇ ಕೆಳಗಿನ ಕಟ್ಟೆಯ ಮೇಲೆ ಇಪ್ಪತ್ತು ಕುರ್ಚಿ ಹಾಕಿ ಕೂರಿಸುವುದು. "ಅವರ ಕಾಲ ಅವರಿಗೆ ವಾಪಸ್ ಕೊಟ್ಟ ಹಾಗೆ" ಎಂದು ತಾವೇ ಕಣ್ಣರಳಿಸಿ ಹೇಳಿದರು. ತಾವು ಮಾತ್ರ ಮೇಲಿನ ಹಂತದ ವೇದಿಕೆಯಲ್ಲಿ ಇರುತ್ತಾರಂತೆ!

ಆಹ್ವಾನದ ಪಟ್ಟಿ ಟೈಪ್ ಮಾಡಿದ್ದು ನಾನೇ. ಏಳನೆಯ ಹೆಸರು ಮಾವನದು.

ಅಲ್ಲಿ ಬೆರಳು ನಿಂತುಬಿಟ್ಟಿತು ನಿಜ. ಕಾರ್ಡ್ ಮನೆಗೆ ತಂದು ಕೊಟ್ಟೆ. ಮಾವ ತೆರೆದೂ ನೋಡದೆ ಮೇಜಿನ ಮೇಲಿಟ್ಟು, "ನಾನು ಬರಲ್ಲಮ್ಮ" ಎಂದರು. ಉಸಿರು ಬಂತು. ಉಳಿದವರು? ಕಾಲು ಒದ್ದೆಯಾಗುತ್ತದೆ, ಅಷ್ಟೇ. ನಲವತ್ತು ಸೆಂಟಿಮೀಟರಿನಲ್ಲಿ ಯಾರೂ ಮುಳುಗುವುದಿಲ್ಲ. ಜೀವಮಾನವೆಲ್ಲ ನೀರು ನೋಡಿದವರು. ಅವರು ಒದ್ದೆಯಾದರೆ ಬಿಳಿ ಶೂ ಮರ್ಯಾದೆ ಇನ್ನಷ್ಟು ಹೋಗುತ್ತದೆ. ಲೆಕ್ಕ ಹಾಕಿದರೆ ಇದೇ ಮೇಲು.

ಮಾರ್ಚ್ 30, ಭಾನುವಾರ

ಎಲ್ಲವನ್ನೂ ಇದ್ದ ಹಾಗೆ ಬರೆಯಬೇಕು.

ನಾಲ್ಕೂವರೆಗೆ ಹೋದೆ. ಜನ ಕಿಕ್ಕಿರಿದಿದ್ದರು. ದಡ ನಿಜವಾಗಿಯೂ ಚೆಂದವಿತ್ತು. ಎಳೆಯ ಹುಲ್ಲು, ಗೋದಾಮಿನ ಹಳೆಯ ಇಟ್ಟಿಗೆಯ ಬೆಂಚುಗಳು, ಬಣ್ಣ ಬಳಿದ ಕ್ರೇನು. ಕೆಳಗಿನ ಕಟ್ಟೆಯ ಮೇಲೆ ಇಪ್ಪತ್ತು ಕುರ್ಚಿ, ಹತ್ತೊಂಬತ್ತರಲ್ಲಿ ಮುದುಕರು. ಒಬ್ಬರಿಗೆ ಊರುಗೋಲು, ಇಬ್ಬರಿಗೆ ಮೊಣಕಾಲಿಗೆ ಪಟ್ಟಿ. ಫೋಟೋದವರು ಸುತ್ತ ಓಡಾಡುತ್ತಿದ್ದರು.

ಐದು ಗಂಟೆಗೆ ಬಿಳಿ ಶೂ ಭಾಷಣ ಶುರು ಮಾಡಿದರು. ಐದು ಹತ್ತಕ್ಕೆ ನೀರು ಕಟ್ಟೆಯ ಅಂಚಿಗೆ ಬಂತು. ನಾನು ಮೇಲಿನ ಬೆಂಚಿನ ಮೇಲೆ ನಿಂತಿದ್ದೆ. ಆಗ ಮಾವ ಕಾಣಿಸಿದರು.

ಕುರ್ಚಿಯಲ್ಲಿ ಕೂತಿರಲಿಲ್ಲ. ಹಳೆಯ ರಬ್ಬರ್ ಬೂಟು ಹಾಕಿಕೊಂಡು ಕಟ್ಟೆಯ ತುದಿಯಲ್ಲಿ ನಿಂತು, ಒಬ್ಬೊಬ್ಬರ ಹೆಗಲನ್ನೂ ತಟ್ಟಿ ಎಬ್ಬಿಸುತ್ತಿದ್ದರು. "ಏಳ್ರೋ, ಬರ್ತಿದೆ, ಏಳಿ." ಕಾವಲಿನವನು ತಡೆಯಲು ಬಂದ. "ಸ್ವಾಮಿ, ಭಾಷಣ ನಡೀತಿದೆ, ಕೂತ್ಕೊಳ್ಳಿ." ಮಾವ ಅವನ ಕೈಗೇ ಒಂದು ಕುರ್ಚಿ ಕೊಟ್ಟು, "ಮೇಲೆ ಇಟ್ಟು ಬಾ" ಎಂದರು. ಅವನು ಇಟ್ಟು ಬಂದ! ಮೇಸ್ತ್ರಿಯೂ ಓಡಿಬಂದು ಕೈಜೋಡಿಸಿದರು. ಊರುಗೋಲಿನವರನ್ನು ಮೇಸ್ತ್ರಿ ಬೆನ್ನ ಮೇಲೆ ಹೊತ್ತರು. ಪೀಪಿ ಎಂದು ಎಲ್ಲರೂ ಕರೆಯುವ ಹಳೆಯ ಸೈರನ್ ಆಪರೇಟರ್ ಮಾತ್ರ ಏಳಲೊಲ್ಲರು. "ಕರೆದು ಕೂರಿಸಿದ್ದಾರೆ ಕಣೋ, ತಿಂಡಿ ಕೊಡೋವರೆಗೆ ಏಳಲ್ಲ" ಎಂದು ಕುರ್ಚಿ ಹಿಡಿದುಕೊಂಡರು.

ನೀರು ಒಂದೇ ಉಸಿರಿಗೆ ಕಟ್ಟೆ ಹತ್ತಿತು. ಮೊದಲು ಹೊಳಪು, ಆಮೇಲೆ ಪಾದ, ಆಮೇಲೆ ಮೀನಖಂಡ. ಮಾವ ಮತ್ತು ಮೇಸ್ತ್ರಿ ಪೀಪಿಯನ್ನು ಕುರ್ಚಿ ಸಮೇತ ಎತ್ತಿದರು. ಮೇಲಿನ ಮೆಟ್ಟಿಲಿಗೆ ಇಳಿಸುವಾಗ ಹೊಸ ಕಲ್ಲಿನ ಮೇಲೆ ಮಾವನ ಕಾಲು ಜಾರಿತು. ಸೊಂಟದವರೆಗೆ ನೀರಿನಲ್ಲಿ ಕೂತುಬಿಟ್ಟರು. ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಜನರನ್ನು ತಳ್ಳಿಕೊಂಡು ಇಳಿದು ಅವರನ್ನು ಹಿಡಿದುಕೊಂಡೆ. ಅವರು ನನ್ನ ಕೈ ಹಿಡಿಯದೆ ಮೇಸ್ತ್ರಿಯ ಕೈ ಹಿಡಿದು ಎದ್ದರು.

ಬಿಳಿ ಶೂ? ಮೂರು ಸೆಕೆಂಡ್ ಬಾಯಿ ಬಿಟ್ಟುಕೊಂಡು ನಿಂತಿದ್ದರು. ನಾನು ಎರಡು ತಿಂಗಳು ಕಾದದ್ದು ಆ ಮೂರು ಸೆಕೆಂಡಿಗೆ. ಅದನ್ನೂ ಸರಿಯಾಗಿ ನೋಡಲಾಗಲಿಲ್ಲ. ಆಮೇಲೆ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು, ಪ್ಯಾಂಟು ಮಡಚಿದರು, ಮೈಕ್ ಸಮೇತ ಇಳಿದು ಬಂದು ನೀರಿನಲ್ಲಿ ನಿಂತು, "ನೋಡಿ! ನಾವು ಸಮುದ್ರದ ಹತ್ತಿರ ಹೋಗಬೇಕಾಗಿಲ್ಲ, ಸಮುದ್ರವೇ ನಮ್ಮ ಹತ್ತಿರ ಬಂದಿದೆ!" ಎಂದರು. ಚಪ್ಪಾಳೆ! ಶಿಳ್ಳೆ! ಊರಿಗೆ ಊರೇ ಚಪ್ಪಲಿ ಬಿಚ್ಚಿ ಕಟ್ಟೆಗಿಳಿದು ನೀರು ಚಿಮ್ಮಿಸಿತು.

ಮಾವನ ಪಾದ ಉಳುಕಿದೆ. ಬಾತುಕೊಂಡಿದೆ. ಅತ್ತೆ ಪಟ್ಟಿ ಕಟ್ಟಿದರು. ನಾನು ಬಿಸಿನೀರು ತಂದರೆ, "ಅಲ್ಲಿಡು" ಎಂದರು.

ಏಪ್ರಿಲ್ 2, ಬುಧವಾರ

ಮೇಸ್ತ್ರಿಯನ್ನು ಕೆಲಸದಿಂದ ತೆಗೆದಿದ್ದಾರೆ.

ಹೊರಗೆ ಎಲ್ಲರೂ ಕಟ್ಟೆಯನ್ನು ಹೊಗಳುತ್ತಿದ್ದಾರೆ. ಒಳಗೆ, ದೊಡ್ಡವರ ಮೀಟಿಂಗ್‌ನಲ್ಲಿ, ಮಟ್ಟ ಯಾಕೆ ತಪ್ಪಿತು ಎಂಬ ಪ್ರಶ್ನೆ ಬಂದಿದೆ. "ಸೈಟಿನವರು ಕೇಳದೆ ಕಟ್ಟಿದ್ದಾರೆ" ಎಂದು ಬಿಳಿ ಶೂ ಹೇಳಿದ್ದಾರೆ. ಗುತ್ತಿಗೆದಾರರು ಮೇಸ್ತ್ರಿಗೆ ನಾಳೆಯಿಂದ ಬರಬೇಡ ಎಂದಿದ್ದಾರೆ. ಕೇಳಿದ್ದೆ ಎಂದು ಮೇಸ್ತ್ರಿ ಎಷ್ಟು ಹೇಳಿದರೂ ಹಾಳೆ ಎಲ್ಲಿ ಎಂದು ಕೇಳಿದರಂತೆ. ನನ್ನ ಹೆಸರನ್ನು ಮಾತ್ರ ಅವರು ಎತ್ತಿಲ್ಲ. ಯಾಕೋ.

ಬಿಳಿ ಶೂ ಕೋಣೆಗೆ ಹೋದೆ. ಏನು ಹೇಳಲು ಹೋದೆನೋ ಗೊತ್ತಿಲ್ಲ. ಬಾಯಿಗೆ ಬಂದದ್ದು, "ಸರ್, ಜನವರಿ ಸಭೆಯಲ್ಲಿ ಒಬ್ಬರು ಇದನ್ನೇ ಹೇಳೋಕೆ ಎದ್ದಿದ್ರು. ನೀವು ಕೂರಿಸಿದ್ರಿ."

"ಯಾರು?"

"ಯಾವ ಸೊನ್ನೆ ಅಂತ ಕೇಳಿದ್ರಲ್ಲ ಸರ್. ಹಿರಿಯರು. ನನ್ನ ಮಾವ."

ಅವರು ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಲು ನೋಡಿದರು. ಹಣೆ ಉಜ್ಜಿಕೊಂಡರು. "ಸಾರಿ, ನಿಜವಾಗ್ಲೂ ನೆನಪಿಲ್ಲ. ಅವತ್ತು ತುಂಬಾ ಜನ ಮಾತಾಡಿದ್ರು ಅಲ್ವಾ? ಅವರು ಚೆನ್ನಾಗಿದ್ದಾರಾ?"

ಅಣಕವಿರಲಿಲ್ಲ. ನೆನಪೇ ಇಲ್ಲ. ಅರವತ್ತೇಳು ದಿನ ನಾನು ಹಗಲೂ ರಾತ್ರಿ ಅಗಿದದ್ದು ಅವರ ತಲೆಯಲ್ಲಿ ಒಂದು ಸಂಜೆಯೂ ಉಳಿದಿರಲಿಲ್ಲ.

ಏಪ್ರಿಲ್ 3, ಗುರುವಾರ

ಹಾಳೆಯನ್ನು ಮನೆಗೆ ತಂದೆ. ಮಾವ ಕಾಲನ್ನು ದಿಂಬಿನ ಮೇಲಿಟ್ಟು ಕಿಟಕಿಯ ಬಳಿ ಕೂತಿದ್ದರು. ಅದನ್ನು ಅವರ ಕೈಗಿಟ್ಟೆ.

ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ಮೇಲಿನ ತಾರೀಖಿನ ಮೇಲೆ ಬೆರಳಿಟ್ಟರು.

"ಎಷ್ಟು ನೀಟಾಗಿ ಕೇಳಿದ್ದಾನೆ" ಎಂದರು. "ನನಗೆ ಅವತ್ತು ಮೈಕಲ್ಲಿ ಇಷ್ಟು ಚೆನ್ನಾಗಿ ಕೇಳೋಕೆ ಬರ್ಲಿಲ್ಲ."

"ಮಾವ, ನಾನು ನಿಮಗೋಸ್ಕರ..."

"ಬೇಡ." ಜೋರಾಗಿ ಅಲ್ಲ, ಮೆತ್ತಗೆ ಹೇಳಿದರು. "ಅದನ್ನ ನನ್ನ ತಲೆಗೆ ಕಟ್ಟಬೇಡ. ಮೇಸ್ತ್ರಿ ಹೆಂಡ್ತಿ ಇವತ್ತು ಸಂತೆಯಲ್ಲಿ ನಿಮ್ಮತ್ತೆಗೆ ಸಿಕ್ಕಿದ್ಲು, ಮುಖ ತಿರುಗಿಸ್ಕೊಂಡು ಹೋದ್ಲು." ಹಾಳೆ ವಾಪಸ್ ಕೊಟ್ಟರು. "ಕೆಳಗಿನ ಅರ್ಧ ಖಾಲಿ ಇದೆ. ಒಬ್ಬ ಕೇಳಿದ ಮೇಲೆ ಉತ್ತರ ಬರೀಬೇಕಲ್ವಾ? ಬರಿ."

ಊಟದ ಮೇಜಿನ ಮೇಲೆ ಹಾಳೆ ಹರಡಿದೆ. ಮೂರು ಪ್ರತಿ, ಮಧ್ಯೆ ಕಾರ್ಬನ್. ಒಂದು ಮೇಸ್ತ್ರಿಗೆ, ಒಂದು ಗುತ್ತಿಗೆದಾರರಿಗೆ, ಒಂದು ಬಿಳಿ ಶೂಗೆ. ಉತ್ತರ ಸುಲಭವಿತ್ತು: "ಎರಡೂ ಸೊನ್ನೆ ಬೇರೆ. ಮೊಳೆಯಿಂದ ಅಳೆಯುವುದಾದರೆ ಐವತ್ತೈದು ಸೆಂಟಿಮೀಟರ್ ಕೂಡಿಸಬೇಕು." ತಲುಪಿದ ದಿನ, ಫೆಬ್ರವರಿ ಆರು. ಉತ್ತರಿಸಿದ ದಿನ, ಏಪ್ರಿಲ್ ಮೂರು. ಅದರ ಕೆಳಗೆ ಒಂದು ಸಣ್ಣ ಚೌಕ: ವಿಳಂಬಕ್ಕೆ ಕಾರಣ.

ಪೆದ್ದು ಬಂದು ಪಕ್ಕದಲ್ಲಿ ಕೂತ. ಹತ್ತು ದಿನದ ಮೇಲೆ ಮೊದಲ ಮಾತು ಆಡಿದ. "ಮರೆತೆ ಅಂತ ಬರಿ. ಅಷ್ಟು ಸಾಕು. ಮೇಸ್ತ್ರಿ ಕೆಲಸ ಉಳಿಯುತ್ತೆ, ನಿಂದೂ ಉಳಿಯುತ್ತೆ."

ನಿಜ. ಮೂರಕ್ಷರ. ಚೌಕದಲ್ಲಿ ಅಚ್ಚುಕಟ್ಟಾಗಿ ಹಿಡಿಸುತ್ತದೆ. ಯಾರೂ ಏನೂ ಕೇಳುವುದಿಲ್ಲ. ಪೆನ್ನಿನ ತುದಿ ಕಾಗದಕ್ಕೆ ತಾಗಿತ್ತು ಕೂಡ.

ಆಗ ಹಣೆ ಉಜ್ಜಿಕೊಳ್ಳುತ್ತಿದ್ದ ಆ ಮುಖ ಕಣ್ಣ ಮುಂದೆ ಬಂತು. ಬಿಳಿ ಶೂ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಮರೆವು ಅವರದ್ದು. ಅದನ್ನು ನಾನು ಕಡ ತರುವುದಿಲ್ಲ. ಅವರು ಈ ಹಾಳೆಯನ್ನು ಓದಬೇಕು, ಅರ್ಥವಾಗದೆ ನನ್ನನ್ನು ಕರೆಸಬೇಕು, ಯಾಕೆ ಎಂದು ಕೇಳಬೇಕು. ಅವರು ಕೇಳಿದಾಗ ಮಾವನ ಪ್ರಶ್ನೆಯಿಂದ ಹಿಡಿದು ನನ್ನ ನಗುವಿನವರೆಗೆ ಎಲ್ಲವನ್ನೂ ಕೂತು ಕೇಳಬೇಕು.

"ಬೇಕೆಂದೇ ಇಟ್ಟುಕೊಂಡಿದ್ದೆ" ಎಂದು ಬರೆದು ಸಹಿ ಹಾಕಿದೆ. ಮೂರನೆಯ ಪ್ರತಿಯಲ್ಲೂ ಮೂಡಬೇಕಲ್ಲ, ಪೆನ್ನನ್ನು ಒತ್ತಿ ಹಿಡಿದೆ.